ನಾಲಗೆಯ ತೊಡಕೂ ಉಚ್ಚಾರಣಶುದ್ಧಿಯೂ

ಆಂಗ್ಲಭಾಷೆಯನ್ನು ಕಲಿಸುವಾಗ ಮಕ್ಕಳ ನಾಲಗೆ ಚೆನ್ನಾಗಿ ಹೊರಳಲೆಂದು ಕೆಲವು ವಿನೋದವಾಕ್ಯಗಳನ್ನು ಹೇಳಿಸುವ ವಾಡಿಕೆಯುಂಟು. ಕಡಲತಡಿಯಲ್ಲಿ ಚಿಪ್ಪು ಮಾರುವ ಹೆಂಗಸಿನ ವಾಕ್ಯ, ಮೆಣಸಿನ ಉಪ್ಪಿನಕಾಯಿಯನ್ನು ಆಯ್ದ ಪೀಟರ್ ಪೈಪರನೆಂಬವನ ವಾಕ್ಯ ಇವು ಅವುಗಳಲ್ಲಿ ಪ್ರಸಿದ್ಧವಾದುವು. ಸಮೀಪೋಚ್ಚಾರಣೆಯ ಅಕ್ಷರಗಳನ್ನು ಒತ್ತೊತ್ತಾಗಿ ಜೋಡಿಸಿದ ಇಂತಹ ತೊಡರುಮಾತುಗಳನ್ನು ಬೇಗಬೇಗನೆ ಹೇಳಹೊರಟರೆ ನಾಲಗೆ ಎಡವುವುದು, ಕೇಳಿದವರು ನಗುವರು. ಉಚ್ಚಾರಣೆಯನ್ನು ತಿದ್ದುವ ಈ ಉಪಾಯವು ಪಶ್ಚಿಮದಿಂದಲೇ ಬಂದ ಹೊಸತೆಂದು ಅನೇಕರು ತಿಳಿದಿರುವರು. ಉಡುಪಿ, ಕಾರ್ಕಳದ ಸೀಮೆಯಲ್ಲಿ ನಾಲಗೆಯ ಸಾಧನೆ ಹೇಗೆ ನಡೆದುಬಂದಿತೆಂಬುದನ್ನು ವಿಚಾರಿಸಿದರೆ ಬೇರೆಯೇ ಚಿತ್ರವು ಕಾಣಬರುವುದು.

ಮೊದಲು ಆಂಗ್ಲವಾಕ್ಯಗಳ ವೃತ್ತಾಂತವನ್ನು ನೋಡಬಹುದು. 1813ರಲ್ಲಿ ಲಂಡನ್ ನಗರದಲ್ಲಿ ಜಾನ್ ಹ್ಯಾರಿಸ್ ಎಂಬ ಪ್ರಕಾಶಕನು ಪೀಟರ್ ಪೈಪರನ ಹೆಸರಿನ ಒಂದು ಚಿಕ್ಕ ಸಚಿತ್ರ ಪುಸ್ತಕವನ್ನು ಹೊರತಂದನು. ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ತೊಡರುಮಾತನ್ನು ಅದರಲ್ಲಿ ಕೊಡಲಾಗಿದೆ. ಸ್ಪಷ್ಟವೂ ಪರಿಪೂರ್ಣವೂ ಆದ ಉಚ್ಚಾರಣೆಯ ತತ್ತ್ವಗಳನ್ನು ತಿಳಿಸುವುದಾಗಿ ಆ ಪುಸ್ತಕದ ಶೀರ್ಷಿಕೆಯೇ ಹೇಳುತ್ತದೆ. ಚಿಪ್ಪು ಮಾರುವವಳ ವಾಕ್ಯವಾದರೋ 1908ರಲ್ಲಿ ಟೆರ್ರಿ ಸಲಿವನ್ ಎಂಬವನು ರಚಿಸಿದ ಹಾಡೊಂದರಿಂದ ಲೋಕಪ್ರಿಯವಾಯಿತು. 1799ರಲ್ಲಿ ಕುಂಪಣಿಯ ವಶವಾದ ಕೆನರಾ ಪ್ರಾಂತವು ಎರಡಾಗಿ ಹಂಚಿಹೋಗಿ, 1862ರಲ್ಲಿ ಉತ್ತರಭಾಗವು ಮುಂಬಯಿಗೆ ಸೇರಿತು. ಮದರಾಸಿನಲ್ಲಿಯೇ ಉಳಿದ ದಕ್ಷಿಣಭಾಗದ ಶಾಲೆಗಳು ಆ ಪ್ರಾಂತದ ಕ್ರಮವನ್ನೇ ಅನುಸರಿಸಿದವು. ಆಂಗ್ಲಭಾಷೆಯೂ ಆ ದಾರಿಯಲ್ಲಿಯೇ ಈ ಕಡಲತಡಿಯ ಮಕ್ಕಳನ್ನು ಮುಟ್ಟಿತು.

ಆ ಕಾಲಕ್ಕೆ ಉಡುಪಿಯು ಉಚ್ಚಾರಣೆಯ ವಿಷಯದಲ್ಲಿ ಬಹಳ ಹಳೆಯ ಊರಾಗಿದ್ದಿತು. ವೇದಾಂಗಗಳಲ್ಲಿ ಮೊದಲು ಎಣಿಸಲ್ಪಡುವ ಶಿಕ್ಷೆಯು ಅಕ್ಷರಗಳ ಹುಟ್ಟನ್ನೂ ಅವುಗಳನ್ನು ನುಡಿಯುವ ಬಗೆಯನ್ನೂ ತಿಳಿಸುವ ಶಾಸ್ತ್ರ. ಹೆಣ್ಣುಹುಲಿಯು ತನ್ನ ಮರಿಗಳನ್ನು ಕೋರೆಹಲ್ಲುಗಳಲ್ಲಿ ಕಚ್ಚಿ ಒಯ್ಯುವಾಗ ಬೀಳಗೊಡದೆಯೂ ನೋಯಿಸದೆಯೂ ಹೇಗೆ ಎಚ್ಚರದಿಂದಿರುವುದೋ ಹಾಗೆ ಅಕ್ಷರಗಳನ್ನು ಪ್ರಯೋಗಿಸಬೇಕೆಂದು ಪಾಣಿನೀಯ ಶಿಕ್ಷೆಯು ಉಪಮಿಸುತ್ತದೆ. ಮಾಧುರ್ಯ, ಅಕ್ಷರವ್ಯಕ್ತಿ, ಪದಚ್ಛೇದ, ಸುಸ್ವರ, ಧೈರ್ಯ, ಲಯಸಾಮರ್ಥ್ಯ ಇವಾರು ಪಾಠಕನ ಗುಣಗಳು. ರಾಗವೆಳೆಯುವವನು, ಅವಸರದಿಂದ ಓದುವವನು, ತಲೆಯಲ್ಲಾಡಿಸುವವನು, ಬರೆದುದನ್ನು ನೋಡಿಯೇ ಓದುವವನು, ಅರ್ಥವನ್ನರಿಯದವನು, ಕ್ಷೀಣಕಂಠದವನು ಇವರಾರು ಮಂದಿ ಅಧಮಪಾಠಕರು. ಇಲ್ಲಿ ಧೈರ್ಯವು ಗುಣಗಳಲ್ಲಿಯೂ ಅವಸರವು ದೋಷಗಳಲ್ಲಿಯೂ ಎಣಿಸಲ್ಪಟ್ಟಿರುವುದು ಗಮನಾರ್ಹವಾಗಿದೆ.

ಶಿಕ್ಷೆಯು ಹೇಳಿದುದನ್ನು ಪಾಠಕ್ರಮವು ಆಚರಣೆಗೆ ತಂದಿತು. ಕ್ರಮಪಾಠದಲ್ಲಿ ಮೊದಲನೆಯ ಪದವನ್ನು ಎರಡನೆಯದರೊಡನೆಯೂ ಎರಡನೆಯದನ್ನು ಮೂರನೆಯದರೊಡನೆಯೂ ಕೂಡಿಸಿ ಹೇಳುವರು. ಜಟಾಪಾಠದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು ಎಂದು ಪದಗಳನ್ನು ಹೆಣೆಯುವರು. ಘನಪಾಠದಲ್ಲಿ ಅದು ಇನ್ನೂ ಬೆಳೆದು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದಾಗುವುದು. ಪ್ರತಿಯೊಂದು ಹೊಸ ಜೋಡಣೆಯಲ್ಲಿಯೂ ಸಂಧಿಯೂ ಸ್ವರವೂ ಬದಲಾಗುವುದರಿಂದ ನಾಲಗೆಗೂ ಬುದ್ಧಿಗೂ ಒಮ್ಮೆಗೇ ಪರೀಕ್ಷೆಯಾಗುವುದು. ಒಂದಕ್ಷರವು ಜಾರಿದರೂ ಕೂಡಲೇ ಗೊತ್ತಾಗುವುದು. ಈ ವೇದಪಠನ ಪರಂಪರೆಯನ್ನು ಯುನೆಸ್ಕೋ ಸಂಸ್ಥೆಯು 2003ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಮೇರುಕೃತಿಯೆಂದು ಸಾರಿ, 2008ರಲ್ಲಿ ತನ್ನ ಪಟ್ಟಿಯಲ್ಲಿ ಸೇರಿಸಿತು.

ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರ ಬಾಲ್ಯವನ್ನು ವರ್ಣಿಸುವ ‘ಸುಮಧ್ವವಿಜಯ’ದಲ್ಲಿ ಇದಕ್ಕೊಪ್ಪುವ ಪ್ರಸಂಗವೊಂದಿದೆ. ಪೂಗವನ ಕುಲದ ಗುರುವಿನ ಬಳಿ ಓದುತ್ತಿದ್ದ ಬಾಲಕನು ಆಟಪಾಟಗಳಲ್ಲಿಯೇ ಮುಳುಗಿರುವನೆಂದು ಗುರುವು ಆಕ್ಷೇಪಿಸಿದನು. ಆಗ ಬಾಲಕನು ಪಾಠವನ್ನು ತಡೆಯಿಲ್ಲದೆ, ತಪ್ಪಿಲ್ಲದೆ ಒಪ್ಪಿಸಿ ಗುರುವನ್ನು ಬೆರಗುಗೊಳಿಸಿದನು. ಆಟಕ್ಕೂ ಪಾಠಕ್ಕೂ ವಿರೋಧವಿಲ್ಲವೆಂಬುದನ್ನು ಈ ಸೀಮೆಯ ಜನರು ಎಂದೋ ಕೇಳಿ ಬಲ್ಲರು.

ವಿನೋದವೂ ಸಂಸ್ಕೃತಕ್ಕೆ ಹೊಸತಲ್ಲ. ಭಾರವಿಯು ‘ಕಿರಾತಾರ್ಜುನೀಯ’ದ ಹದಿನೈದನೆಯ ಸರ್ಗದ ಶ್ಲೋಕವೊಂದನ್ನು, ಕೊನೆಯ ತಕಾರವನ್ನುಳಿದು, ನಕಾರವೊಂದರಿಂದಲೇ ಕಟ್ಟಿರುವನು. ಮಾಘನು ‘ಶಿಶುಪಾಲವಧ’ದ ಹತ್ತೊಂಬತ್ತನೆಯ ಸರ್ಗದಲ್ಲಿ ದಕಾರವೊಂದರಿಂದಲೇ ಪೂರ್ಣಶ್ಲೋಕವನ್ನು ರಚಿಸಿರುವನು. ಪಾಠಶಾಲೆಯ ವಿದ್ಯಾರ್ಥಿಗಳಿಗೆ ಇಂತಹ ಚಿತ್ರಕವಿತ್ವವು ಅರ್ಥದ ಕಗ್ಗಂಟೂ ಹೌದು, ನಾಲಗೆಯ ಗರಡಿಯೂ ಹೌದು.

ಆದರೆ ಈ ಸಂಪತ್ತು ಎಲ್ಲರದಾಗಿರಲಿಲ್ಲ. ಉಪನಯನಾಧಿಕಾರವಿಲ್ಲದವರಿಗೂ ಹೆಂಗಸರಿಗೂ ವೇದಪಾಠದ ಬಾಗಿಲು ಮುಚ್ಚಿದ್ದಿತು; ತುಳುನಾಡಿನ ಬಹುಸಂಖ್ಯಾತರು ಹೊರಗೇ ಉಳಿದರು. ಒಳಗಿದ್ದವರಿಗೂ ಅಪಶಬ್ದದ ಭಯವು ತಪ್ಪಿರಲಿಲ್ಲ. ಇಂದ್ರನನ್ನು ಕೊಲ್ಲುವ ಮಗನನ್ನು ಬಯಸಿ ಹೋಮ ಮಾಡಿದ ತ್ವಷ್ಟೃವು ಸ್ವರವೊಂದನ್ನು ತಪ್ಪಿ ನುಡಿದುದರಿಂದ ಆ ಮಗನೇ ಇಂದ್ರನಿಂದ ಹತನಾದನೆಂಬ ಕಥೆಯನ್ನು ಗುರುಗಳು ಎಚ್ಚರಿಕೆಯಾಗಿ ಹೇಳುತ್ತ ಬಂದರು. ಈ ಭಯವು ಪಾಠವನ್ನು ಸಾವಿರಾರು ವರ್ಷ ಕಾಪಾಡಿತೆಂಬುದು ನಿಜ. ಶುದ್ಧ ನುಡಿಯು ಕುಲದ ಗುರುತಾಗಿ, ತಪ್ಪು ನುಡಿಯು ಅವಮಾನದ ಕಾರಣವಾದುದೂ ಅಷ್ಟೇ ನಿಜ.

ಹೊರಗುಳಿದವರ ನಾಲಗೆಯನ್ನು ಪಳಗಿಸಿದುದು ಮುಖ್ಯವಾಗಿ ಯಕ್ಷಗಾನ ಮತ್ತು ತಾಳಮದ್ದಳೆ. ವೇಷಭೂಷಣಗಳಿಲ್ಲದೆ ಕುಳಿತೇ ನಡೆಸುವ ತಾಳಮದ್ದಳೆಯಲ್ಲಿ ಅರ್ಥಧಾರಿಯ ಬಂಡವಾಳವೆಲ್ಲ ಮಾತೇ. ಭಾಗವತನು ಹಾಡಿದ ಪದ್ಯಕ್ಕೆ ಆಗಲೇ ಮಾತನ್ನು ಹೆಣೆದು, ಎದುರಾಳಿಗೆ ಉತ್ತರವನ್ನೂ ಕೊಡಬೇಕು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡುವವರು ರಾತ್ರಿಯ ಕೂಟಗಳಲ್ಲಿ ಕುಳಿತು, ಕಿವಿಯಿಂದಲೇ ಗ್ರಾಂಥಿಕ ಕನ್ನಡವನ್ನು ಕಲಿತರು. ಶೇಣಿ ಗೋಪಾಲಕೃಷ್ಣ ಭಟ್ಟರಂತಹ (1918-2006) ಅರ್ಥಧಾರಿಗಳ ಮಾತನ್ನು ಕೇಳಲು ಊರೂರುಗಳಿಂದ ಜನ ಸೇರುತ್ತಿದ್ದರು. ಕಾರ್ಕಳ ಸೀಮೆಯ ನಂದಳಿಕೆಯಲ್ಲಿ ಹುಟ್ಟಿ ‘ಮುದ್ದಣ’ನೆಂದು ಖ್ಯಾತನಾದ ಲಕ್ಷ್ಮೀನಾರಣಪ್ಪನೂ (1870-1901) ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ಗಳೆಂಬ ಯಕ್ಷಗಾನಗಳನ್ನು ಬರೆದವನೇ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರವು ಸ್ಥಾಪಿತವಾದ ಮೇಲೆ ಈ ಕಲೆಗೆ ಕ್ರಮಬದ್ಧ ಶಿಕ್ಷಣವೂ ದೊರೆಯಿತು. ಮಕ್ಕಳ ಮಟ್ಟಿಗಾದರೋ ತರೀಕೆರೆಯ ಏರಿಯ ಮೇಲೆ ಮೇಯುವ ಕರಿಯ ಕುರಿಮರಿಗಳ ಮಾತು ಕನ್ನಡ ನಾಡಿನಲ್ಲೆಲ್ಲ ಹರಡಿರುವುದು. ಅದನ್ನು ಹೇಳಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಇಂತಹ ಮಾತುಗಳು ಎಡವಿಸುವುದೇಕೆಂಬುದಕ್ಕೆ ಶಿಕ್ಷಾಶಾಸ್ತ್ರದಲ್ಲಿಯೇ ಉತ್ತರವುಂಟು. ಸ್ಥಾನಗಳು ಸಮೀಪವಾಗಿದ್ದು, ಪ್ರಯತ್ನವು ಸದೃಶವಾಗಿರುವ ವರ್ಣಗಳು ಒಂದಾದ ಮೇಲೊಂದು ಬಂದರೆ ನಾಲಗೆಯು ಒಂದರ ನೆಲೆಯಲ್ಲಿ ಇನ್ನೊಂದನ್ನು ನುಡಿಯುವುದು. ಚಿಪ್ಪು ಮಾರುವವಳ ಆಂಗ್ಲವಾಕ್ಯವು ದಂತ್ಯವಾದ ಸಕಾರಕ್ಕೂ ತಾಲವ್ಯವಾದ ಶಕಾರಕ್ಕೂ ಸಮೀಪವಾದ ಎರಡು ಧ್ವನಿಗಳ ಕಲಹವಲ್ಲದೆ ಬೇರೇನೂ ಅಲ್ಲ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಅಮೆರಿಕದ ವಿಜ್ಞಾನಿಗಳ ಸಂಶೋಧನೆಯು, ಮಾತನ್ನು ನಡೆಸುವ ಮೆದುಳಿನ ಭಾಗದಲ್ಲಿ ಧ್ವನಿಗಳು ತುಟಿ, ನಾಲಗೆ ಮುಂತಾದ ಅಂಗಗಳನ್ನನುಸರಿಸಿ ವಿಂಗಡಗೊಂಡಿರುವುದನ್ನು ತೋರಿಸಿತು. ಸ್ಥಾನಕರಣಗಳ ಹಳೆಯ ವಿಭಾಗಕ್ಕೆ ಇದು ಒಪ್ಪುವ ಮಾತೇ ಆಗಿದೆ.

ಇದರಿಂದ ಇನ್ನೊಂದು ವಿಷಯವೂ ಸ್ಪಷ್ಟವಾಗುವುದು. ತೊಡರುಮಾತು ತನ್ನ ಭಾಷೆಯಲ್ಲಿರುವ ಧ್ವನಿಗಳನ್ನು ಮಾತ್ರ ಪಳಗಿಸಬಲ್ಲುದು. ಕೆಳದುಟಿಯನ್ನು ಮೇಲುಹಲ್ಲಿಗೆ ತಾಗಿಸಿ ಉಸಿರನ್ನೂದುವ ಆಂಗ್ಲಧ್ವನಿಯು ಕನ್ನಡದ ಫಕಾರವಲ್ಲ. ಕನ್ನಡದ ಒಂದೇ ವಕಾರದ ಸ್ಥಾನದಲ್ಲಿ ಆ ಭಾಷೆಗೆ ಎರಡು ಧ್ವನಿಗಳುಂಟು. ಇವಕ್ಕೆ ಆಂಗ್ಲವಾಕ್ಯಗಳ ಅಭ್ಯಾಸವು ಉಪಯುಕ್ತವೇ. ಆದರೆ ಮಹಾಪ್ರಾಣಗಳಿಗೂ ಲಳಗಳ ಭೇದಕ್ಕೂ ಅವುಗಳಿಂದ ಪ್ರಯೋಜನವಿಲ್ಲ. ತುಳುವಿನ ಅಚ್ಚಮಾತುಗಳಲ್ಲಿ ಮಹಾಪ್ರಾಣವಿಲ್ಲ. ಅದರ ಕೆಲವು ಪ್ರಭೇದಗಳಲ್ಲಿ ಳಕಾರವು ಬೇರೆ ಅಕ್ಷರವಾಗಿ ಮಾರ್ಪಡುವುದೂ ಉಂಟು. ಇದು ಆ ಭಾಷೆಯ ನಿಯಮವೇ ಹೊರತು ಆಡುವವನ ದೋಷವಲ್ಲ. ತುಳುವಿಗೂ ತನ್ನದೇ ಆದ ವ್ಯವಸ್ಥೆಯಿದೆಯೆಂದು ಬ್ರಿಗೆಲನ ವ್ಯಾಕರಣವು 1872ರಲ್ಲಿಯೂ ಮ್ಯಾನರನ ನಿಘಂಟು 1886ರಲ್ಲಿಯೂ ಮಂಗಳೂರಿನಿಂದಲೇ ಹೊರಬಂದು ತೋರಿಸಿಕೊಟ್ಟಿವೆ.

ಕಾಪುವಿನ ಕಡಲತಡಿಯಿಂದಾಗಲಿ ಕಾರ್ಕಳದ ಹಳ್ಳಿಯಿಂದಾಗಲಿ ತುಳು, ಕೊಂಕಣಿ, ಬ್ಯಾರಿಗಳನ್ನಾಡುತ್ತ ಶಾಲೆಗೆ ಬರುವ ಮಗುವು ಕನ್ನಡವನ್ನೂ ಆಂಗ್ಲವನ್ನೂ ಬೆನ್ನುಬೆನ್ನಿಗೇ ಕಲಿಯಬೇಕಾಗಿದೆ. ತರಗತಿಯಲ್ಲಿ ಒಮ್ಮೆ ತಪ್ಪು ನುಡಿದು ನಗೆಗೀಡಾದ ಮಗುವು ಮತ್ತೆ ಬಾಯಿ ತೆರೆಯಲು ಅಂಜುವುದು. ಆಡದ ನಾಲಗೆಗೆ ಶುದ್ಧಿಯು ಬರುವುದೆಂತು? ತೊಡರುಮಾತಿನಲ್ಲಾದರೋ ಪಂಡಿತನೂ ಪಾಮರನೂ ಒಂದೇ ಸಮನಾಗಿ ಎಡವುವರು. ಗುರುವು ತಾನೂ ಎಡವಿ ನಕ್ಕರೆ ಶಿಷ್ಯನ ಸಂಕೋಚವು ಅರ್ಧ ಕಳೆಯುವುದು. ಮನೆಗಳಲ್ಲಿ ಹಿರಿಯರು ಇದನ್ನು ಆಡಿಸುವಾಗ ಮೊದಲು ಒಂದೊಂದೇ ಪದವನ್ನು ಬಿಡಿಸಿ ನಿಧಾನವಾಗಿ ನುಡಿಸಿ, ಅರ್ಥವನ್ನು ತಿಳಿಸಿ, ಕೊನೆಗೆ ವೇಗಕ್ಕೆ ಬರುವುದು ಲೇಸು. ಪದಚ್ಛೇದ, ಅಕ್ಷರವ್ಯಕ್ತಿಗಳನ್ನು ಶಿಕ್ಷಾಕಾರರು ಹೇಳಿಯೇ ಇರುವರು. ಅವುಗಳೊಡನೆ ಅವರು ಎಣಿಸಿದ ಧೈರ್ಯವೆಂಬ ಗುಣವು ಮಕ್ಕಳಿಗೆ ಇಂತಹ ಆಟದಲ್ಲಿ ಬೇಗನೆ ಕೈಸೇರುವುದು.