ಐದು ಎಂಟುಗಳ ಖಾತೆ

1995ರ ಜನವರಿ 17ರಂದು ಜಪಾನಿನ ಕೋಬೆ ನಡುಗಿತು, ಷೇರುಪೇಟೆ ಕುಸಿಯಿತು. ಸಿಂಗಾಪುರದಲ್ಲಿದ್ದ 27ರ ನಿಕ್ ಲೀಸನ್ ಮಾತ್ರ ನಿಕ್ಕೈ ಮೇಲೇರುತ್ತೆ ಅಂತ ಬಾಜಿ ಹೆಚ್ಚಿಸುತ್ತಲೇ ಹೋದ. ಕೊನೆಗೆ ನಷ್ಟ 80 ಕೋಟಿ ಪೌಂಡ್ ದಾಟಿತು. 1762ರಲ್ಲಿ ಹುಟ್ಟಿದ ಲಂಡನ್ನಿನ ಬೇರಿಂಗ್ಸ್ ಬ್ಯಾಂಕ್ ಮುಳುಗಿತು.

ಭೂಕಂಪವೇ ಕಾರಣ ಅಂದ್ರೆ ನಾನು ಒಪ್ಪಲ್ಲ. 1992ರಿಂದಲೇ ಅವನು ನಷ್ಟವನ್ನು 88888 ಎಂಬ ಖಾತೆಯಲ್ಲಿ ಬಚ್ಚಿಡುತ್ತಿದ್ದ. ಹೇಗೆ ಸಾಧ್ಯ ಅಂತೀರಾ? ವ್ಯವಹಾರ ಮಾಡೋನೂ ಅವನೇ, ಲೆಕ್ಕ ತಾಳೆ ನೋಡೋ ವಿಭಾಗದ ಮುಖ್ಯಸ್ಥನೂ ಅವನೇ! ನಮ್ಮೂರ ಸೊಸೈಟಿಯಲ್ಲೂ ಹೀಗೆ ಬಿಡಲ್ಲ, ಸ್ವಾಮಿ. ಈ ಎರಡು ಕೆಲಸ ಬೇರ್ಪಡಿಸಿ ಎಂದು ಬ್ಯಾಂಕಿನದೇ ಲೆಕ್ಕಪರಿಶೋಧಕರು 1994ರಲ್ಲೇ ಬರೆದಿದ್ದರು. ಲಾಭ ಬರ್ತಿದೆಯಲ್ಲ ಅಂತ ಲಂಡನ್ ಸುಮ್ಮನಿತ್ತು, ಅವನು ಮಾರ್ಜಿನ್‌ಗೆಂದು ಕೇಳಿದಾಗಲೆಲ್ಲ ಹಣ ಕಳಿಸ್ತಿತ್ತು.

ಮಾರ್ಚ್‌ನಲ್ಲಿ ಡಚ್ಚರ ಐಎನ್‌ಜಿ ಆ ಬ್ಯಾಂಕನ್ನು ಸಾಲದ ಸಮೇತ 1 ಪೌಂಡಿಗೆ ಕೊಂಡಿತು.