ಕರೆರಾ ಜಿಟಿಯ ಅಪಖ್ಯಾತಿ: ದೋಷ ಚಾಸಿಯದೋ ಟೈರಿನದೋ?

ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ನಾರ್ಡ್‌ಶ್ಲೈಫೆ ಎಂಬ ಹಳೆಯ ರೇಸ್ ಹಾದಿಯಿದೆ. ಕಾಡುಗುಡ್ಡಗಳ ನಡುವೆ ಏರಿಳಿಯುತ್ತ ಸಾಗುವ ಈ ಹಾದಿಯ ಉದ್ದ ಸುಮಾರು 20.8 ಕಿಲೋಮೀಟರ್. 2024ರಲ್ಲಿ ಯೋರ್ಗ್ ಬೆರ್ಗ್‌ಮೈಸ್ಟರ್ ಇಲ್ಲಿ ಪೋರ್ಷೆ ಕರೆರಾ ಜಿಟಿಯನ್ನು ಓಡಿಸಿ 7 ನಿಮಿಷ 12.69 ಸೆಕೆಂಡುಗಳಲ್ಲಿ ಒಂದು ಸುತ್ತು ಮುಗಿಸಿದರು. ಕಾರು ಹೊಸದಾಗಿದ್ದ ಕಾಲದಲ್ಲಿ ಅದನ್ನು ಪಳಗಿಸಿದ ವಾಲ್ಟರ್ ರೋರ್ಲ್ ಅವರ ಸಮಯಕ್ಕಿಂತ ಇದು 15 ಸೆಕೆಂಡಿಗೂ ಹೆಚ್ಚು ಕಡಿಮೆ. ಕಾರಿನ ವಿನ್ಯಾಸ ಇಪ್ಪತ್ತು ವರ್ಷ ಹಿಂದಿನದು. ಹೊಸದಾಗಿದ್ದದ್ದು ಅದಕ್ಕೆಂದೇ ಮಿಶೆಲಿನ್ ಕಂಪನಿ ತಯಾರಿಸಿದ್ದ ಪೈಲಟ್ ಸ್ಪೋರ್ಟ್ ಕಪ್ 2 ಟೈರ್.

ಕರೆರಾ ಜಿಟಿಯ ಬಗ್ಗೆ ಬರೆದವರಲ್ಲಿ ಬೇರೂರಿರುವ ಒಂದು ತೀರ್ಮಾನವನ್ನು ಈ ಸಾಕ್ಷ್ಯದ ಬೆಳಕಿನಲ್ಲಿ ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆ ತೀರ್ಮಾನ ಹೀಗಿದೆ: ಈ ಕಾರು ಹುಟ್ಟಿನಿಂದಲೇ ಅಪಾಯಕಾರಿ; ಚಾವಣಿಯಿಲ್ಲದ ಒಡಲಿಗೆ ರೇಸ್ ಎಂಜಿನ್ ಕೂರಿಸಿ, ಜಾರಿದಾಗ ಸಂಭಾಳಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನೂ ಕೊಡದೆ ಮಾರಿದ್ದರಿಂದ ಅದು ಚಾಲಕರ ಕೈಮೀರಿತು. ಇದರಲ್ಲಿ ಮೂರು ಬೇರೆ ಬೇರೆ ಆರೋಪಗಳಿವೆ. ಮೂರನ್ನೂ ಒಂದೇ ಉಸಿರಿಗೆ ಹೇಳುವುದರಿಂದಲೇ ಗೊಂದಲ ಹುಟ್ಟಿದೆ.

ವಿವಾದವಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡಬಹುದು. ಎಂಜಿನ್ನಿನ ಮೂಲ 1990ರ ದಶಕದ ಆರಂಭದಲ್ಲಿ ಪೋರ್ಷೆ ಫಾರ್ಮುಲಾ ಒನ್‌ಗಾಗಿ ರೂಪಿಸಿ ಕೈಬಿಟ್ಟ ವಿ10. ಅದನ್ನೇ ಹಿಗ್ಗಿಸಿ ಲೆ ಮಾನ್ಸ್ ಸ್ಪರ್ಧೆಗೆಂದು ಕಟ್ಟಿದ ಕಾರು 1999ರಲ್ಲಿ ವೈಸಾಖ್‌ನ ಪರೀಕ್ಷಾ ಹಾದಿಯಲ್ಲಿ ಕೆಲವು ಸುತ್ತು ಓಡಿ ಮೂಲೆ ಸೇರಿತು. 2000ದ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನ ಲೂವ್ರ್ ಆವರಣಕ್ಕೆ ರೋರ್ಲ್ ಮಳೆಯಲ್ಲೇ ಓಡಿಸಿಕೊಂಡು ಬಂದ ಮಾದರಿ ಕಾರಿನಲ್ಲಿ ಇದೇ ಎಂಜಿನ್ 5.5 ಲೀಟರ್ ಗಾತ್ರದಲ್ಲಿತ್ತು. ಮಾರಾಟಕ್ಕೆ ಬಂದಾಗ ಅದು 5.7 ಲೀಟರ್‌ಗೆ ಬೆಳೆದಿತ್ತು. 8,000 ಆರ್‌ಪಿಎಂನಲ್ಲಿ 612 ಅಶ್ವಶಕ್ತಿ. ತೂಕ 1,380 ಕಿಲೋ, ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.9 ಸೆಕೆಂಡು, ಗರಿಷ್ಠ ವೇಗ ಗಂಟೆಗೆ 330 ಕಿ.ಮೀ. ಲೈಪ್‌ಜಿಗ್ ಕಾರ್ಖಾನೆಯಲ್ಲಿ 1,500 ಕಾರು ಕಟ್ಟುವ ಯೋಜನೆಯಿತ್ತು. 2006ರಲ್ಲಿ ತಯಾರಿಕೆ ನಿಂತಾಗ ಲೆಕ್ಕ 1,270ಕ್ಕೆ ಬಂದಿತ್ತು. ಅಮೆರಿಕದಲ್ಲಿ ಬದಲಾಗುತ್ತಿದ್ದ ಏರ್‌ಬ್ಯಾಗ್ ನಿಯಮಗಳನ್ನು ಕಂಪನಿ ಕಾರಣವಾಗಿ ಕೊಟ್ಟಿತು.

ಮೊದಲ ಆರೋಪ ಚಾವಣಿಯದು. ಇದರ ಹಿಂದಿನ ತರ್ಕ ಸರಳ. ಮುಚ್ಚಳ ತೆಗೆದ ರಟ್ಟಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡಿದರೆ ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಉಕ್ಕಿನ ಹಾಳೆ ಬೆಸೆದು ಮಾಡಿದ ಕಾರಿನ ಚಾವಣಿ ಕತ್ತರಿಸಿದಾಗಲೂ ಇದೇ ಆಗುವುದರಿಂದ ಬಾಗಿಲ ಕೆಳಗೂ ನೆಲದಲ್ಲೂ ಹೆಚ್ಚುವರಿ ಉಕ್ಕು ಸೇರಿಸಬೇಕಾಗುತ್ತದೆ, ತೂಕ ಏರುತ್ತದೆ. ಒಡಲು ತಿರುಚಿದರೆ ಸಸ್ಪೆನ್ಷನ್ ಮಾಡಬೇಕಾದ ಕೆಲಸವನ್ನು ಒಡಲೇ ಅರೆಬರೆ ಮಾಡತೊಡಗುತ್ತದೆ. ಚಕ್ರ ರಸ್ತೆಯನ್ನು ಯಾವ ಕೋನದಲ್ಲಿ ಮುಟ್ಟಿದೆ ಎಂಬ ಖಾತ್ರಿ ಚಾಲಕನಿಗೆ ಉಳಿಯುವುದಿಲ್ಲ.

ಆದರೆ ಕರೆರಾ ಜಿಟಿ ಚಾವಣಿ ಕತ್ತರಿಸಿದ ಕಾರಲ್ಲ. ಚಾವಣಿಯನ್ನು ಲೆಕ್ಕಕ್ಕೇ ಹಿಡಿಯದೆ ಅದನ್ನು ಕಟ್ಟಲಾಗಿದೆ. ಕೂರುವ ಜಾಗವಿಡೀ ಒಂದೇ ಕಾರ್ಬನ್ ಫೈಬರ್ ತೊಟ್ಟಿ. ಅದರ ದಪ್ಪ ಅಂಚುಗಳು, ನಡುವಿನ ಸುರಂಗ ಮತ್ತು ಸೀಟಿನ ಹಿಂಗೋಡೆಯೇ ಬಿಗಿತದ ಮೂಲ. ಅದರ ಹಿಂದೆ ಎಂಜಿನ್, ಗೇರ್ ಬಾಕ್ಸ್, ಹಿಂಬದಿಯ ಸಸ್ಪೆನ್ಷನ್ ಹೊರುವ ಇನ್ನೊಂದು ಚೌಕಟ್ಟಿದೆ, ಅದೂ ಕಾರ್ಬನ್ ಫೈಬರಿನದೇ. ಮಾರಾಟದ ಕಾರೊಂದರಲ್ಲಿ, ಅದೂ ಬಿಸಿ ಎಕ್ಸಾಸ್ಟ್ ಕೊಳವೆಗಳ ಪಕ್ಕದಲ್ಲಿ, ಈ ವಸ್ತುವನ್ನು ಇಷ್ಟು ದೊಡ್ಡ ಚೌಕಟ್ಟಿಗೆ ಬಳಸಿದ್ದು ದಿಟ್ಟ ಕೆಲಸ. ಫೆರಾರಿ 1995ರಲ್ಲಿ ತಂದ ಎಫ್50 ಬೇರೆ ದಾರಿ ಹಿಡಿದಿತ್ತು. ಅದರಲ್ಲಿ ಎಂಜಿನ್ನೇ ಒಡಲಿನ ಭಾಗವಾಗಿ ಭಾರ ಹೊರುತ್ತಿತ್ತು, ಹಾಗಾಗಿ ಅದರ ನಡುಕವೆಲ್ಲ ಕೂತವರ ಬೆನ್ನಿಗೇ ಬರುತ್ತಿತ್ತು. ಪೋರ್ಷೆ ಆ ಭಾರವನ್ನು ಚೌಕಟ್ಟಿಗೆ ವಹಿಸಿತು.

ಚಾವಣಿಯನ್ನೇ ಹತ್ತಿರದಿಂದ ನೋಡಿದರೆ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಅದು ಕಾರ್ಬನ್ ಫೈಬರಿನ ಎರಡು ಹಲಗೆ. ಒಂದೊಂದರ ತೂಕ 2.4 ಕಿಲೋ. ಬಿಚ್ಚಿ ಮುಂದಿನ ಡಿಕ್ಕಿಯಲ್ಲಿ ಇಟ್ಟರೆ ಆಯಿತು. ಇಷ್ಟು ಹಗುರಾದ ಹಲಗೆಗಳು ಮಳೆಗಾಳಿ ತಡೆಯುತ್ತವೆ. ಕಾರಿನ ಬಿಗಿತದ ಹೊಣೆ ಅವುಗಳ ಮೇಲಿಲ್ಲ. ಆದ್ದರಿಂದ ಮೊದಲ ಆರೋಪಕ್ಕೆ ಆಧಾರವಿಲ್ಲ.

ಎರಡನೆಯ ಆರೋಪ ಎಂಜಿನ್ ಮತ್ತು ಕ್ಲಚ್ಚಿನದು. ಇದರಲ್ಲಿ ಸತ್ಯಾಂಶವಿದೆ. ಎಂಜಿನ್ನನ್ನು ಆದಷ್ಟು ಕೆಳಗೆ ಕೂರಿಸಬೇಕಾದರೆ ಕ್ಲಚ್ಚಿನ ವ್ಯಾಸ ಕಿರಿದಾಗಬೇಕು. ಅದಕ್ಕಾಗಿ ಪೋರ್ಷೆ ಕೇವಲ 169 ಮಿಲಿಮೀಟರ್ ವ್ಯಾಸದ ಎರಡು ತಟ್ಟೆಗಳ ಸೆರಾಮಿಕ್ ಕ್ಲಚ್ ತಯಾರಿಸಿತು. ತಿರುಗುವ ಭಾಗಗಳ ತೂಕ ಹೀಗೆ ಇಳಿದದ್ದರಿಂದ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಮೇಲೇರುತ್ತದೆ, ಬಿಟ್ಟ ಕೂಡಲೇ ಕುಸಿಯುತ್ತದೆ. ಸಾಮಾನ್ಯ ಕಾರಿನ ಅಭ್ಯಾಸದಲ್ಲಿ ಆಕ್ಸಿಲರೇಟರ್ ಕೊಡುತ್ತ ಕ್ಲಚ್ ಬಿಡಲು ಹೋದವರ ಕಾರು ಸಿಗ್ನಲ್ಲಿನಲ್ಲೇ ಬಂದ್ ಬಿದ್ದು ಮುಜುಗರವಾದದ್ದನ್ನು ಪರೀಕ್ಷಾ ವರದಿಗಳು ಮತ್ತೆ ಮತ್ತೆ ದಾಖಲಿಸಿವೆ. ಆಕ್ಸಿಲರೇಟರ್ ಮುಟ್ಟದೆ ನಿಧಾನವಾಗಿ ಕ್ಲಚ್ ಬಿಟ್ಟರೆ ಎಂಜಿನ್ ತಾನೇ ಕಾರನ್ನು ಮುಂದೆ ಸರಿಸುತ್ತದೆ.

ಈ ಚುರುಕುತನ ತಿರುವಿನಲ್ಲಿ ಬೇರೆ ರೂಪ ತಾಳುತ್ತದೆ. ವೇಗವಾಗಿ ತಿರುಗುತ್ತಿರುವಾಗ ಚಾಲಕ ಹೆದರಿ ಪಾದ ಎತ್ತಿದರೆ ಎಂಜಿನ್ ತಕ್ಷಣ ಹಿಂಚಕ್ರಗಳನ್ನು ತಡೆಯುತ್ತದೆ. ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಟೈರಿನ ಹಿಡಿತ ಸಡಿಲುತ್ತದೆ. ನಡುವಿನಲ್ಲಿ ಎಂಜಿನ್ ಇರುವ ಎಲ್ಲ ಕಾರುಗಳ ಸ್ವಭಾವ ಇದೇ ಆದರೂ ಕರೆರಾ ಜಿಟಿಯಲ್ಲಿ ಅದು ನಡೆಯುವ ವೇಗ ಹೆಚ್ಚು. ಆದರೆ ಭಾರ ವಾಲಿದ ಮೇಲೆ ಕಾರು ನಿಲ್ಲುವುದೋ ಗಿರಕಿ ಹೊಡೆಯುವುದೋ ಎಂಬುದು ನಿರ್ಧಾರವಾಗುವುದು ಹಿಂಚಕ್ರದ ಮೇಲಿರುವ ರಬ್ಬರಿನಲ್ಲಿ. ವಾದದ ತಿರುಳು ಇರುವುದು ಇಲ್ಲೇ.

ಯಾವುದೇ ಟೈರಿನ ಪಕ್ಕದ ಗೋಡೆಯ ಮೇಲೆ ‘ಡಾಟ್’ ಅಕ್ಷರಗಳಿಂದ ಶುರುವಾಗುವ ಸಾಲೊಂದು ಇರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2304 ಎಂದಿದ್ದರೆ 2004ರ ಇಪ್ಪತ್ತಮೂರನೆಯ ವಾರ. ಬಳಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ ಅದರ ಅಣುಸರಪಳಿಗಳ ನಡುವೆ ಹೊಸ ಕೊಂಡಿ ಬೆಸೆಯುತ್ತದೆ, ಮೆದುವಾಗಿಟ್ಟಿದ್ದ ಎಣ್ಣೆಯ ಅಂಶ ಹೊರಹೋಗುತ್ತದೆ, ರಬ್ಬರ್ ಗಡುಸಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ದಿನಾ ಓಡುವ ಕಾರಿನಲ್ಲಿ ರಬ್ಬರ್ ಗಡುಸಾಗುವ ಮೊದಲೇ ಪಟ್ಟೆ ಸವೆದು ಮಾಲೀಕ ಟೈರ್ ಬದಲಿಸುತ್ತಾನೆ. ವರ್ಷಕ್ಕೆ ಕೆಲವೇ ನೂರು ಕಿಲೋಮೀಟರ್ ಓಡುವ ಕಾರಿನಲ್ಲಿ ಪಟ್ಟೆ ಹೊಸದರಂತೆಯೇ ಇರುತ್ತದೆ, ಬದಲಿಸಬೇಕು ಅನ್ನಿಸುವುದೇ ಇಲ್ಲ. ಮೇಲಾಗಿ ಈ ಕಾರಿನ ಟೈರ್ ಯಾವ ಅಂಗಡಿಯಲ್ಲೂ ಸಿಗುವಂಥದಲ್ಲ: ಮುಂದೆ 19 ಇಂಚು, ಹಿಂದೆ 335 ಮಿಲಿಮೀಟರ್ ಅಗಲದ 20 ಇಂಚು.

ಲೇಖನದ ಮುಖ್ಯ ಪ್ರತಿಪಾದನೆ ಇದರಿಂದ ಹೊರಡುತ್ತದೆ. ಕರೆರಾ ಜಿಟಿಯ ಅಪಖ್ಯಾತಿಗೆ ಅದರ ವಿನ್ಯಾಸಕ್ಕಿಂತ ಅದರ ವಿರಳತೆ ಹೆಚ್ಚು ಕಾರಣವಿರಬಹುದು. ಕೆಲವೇ ಕಾರು ಕಟ್ಟಿದ್ದರಿಂದ ಬೆಲೆ ಏರಿತು. ಬೆಲೆ ಏರಿದ್ದರಿಂದ ಓಡಾಟ ಕಡಿಮೆಯಾಯಿತು. ಓಡಾಟ ಕಡಿಮೆಯಾದದ್ದರಿಂದ ಟೈರ್ ಸವೆಯದೆ ಮುದಿಯಾಯಿತು. ಸಂಗ್ರಹಕಾರರು ಹೊಗಳುವ ‘ಮೂಲ ಸ್ಥಿತಿ’ಯೇ ಕಾರನ್ನು ಅಪಾಯಕ್ಕೆ ಒಡ್ಡಿತು.

2013ರ ನವೆಂಬರ್ 30ರಂದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ನಟ ಪಾಲ್ ವಾಕರ್ ಮತ್ತು ಕರೆರಾ ಜಿಟಿ ಓಡಿಸುತ್ತಿದ್ದ ಅವರ ಸ್ನೇಹಿತ ಸತ್ತ ಅಪಘಾತ ಇದನ್ನೇ ಸೂಚಿಸುತ್ತದೆ. ಗಂಟೆಗೆ 45 ಮೈಲಿ ಮಿತಿಯಿದ್ದ ರಸ್ತೆಯಲ್ಲಿ ಕಾರು 80ರಿಂದ 93 ಮೈಲಿ ವೇಗದಲ್ಲಿತ್ತು ಎಂದು ಲಾಸ್ ಏಂಜಲೀಸ್ ಕೌಂಟಿ ಶೆರಿಫ್ ಇಲಾಖೆಯ ತನಿಖೆ ಹೇಳಿತು. ಯಾಂತ್ರಿಕ ದೋಷ ಕಂಡುಬರಲಿಲ್ಲ. ಟೈರುಗಳಿಗೆ ಒಂಬತ್ತು ವರ್ಷ ಮೀರಿತ್ತು. ವೇಗವೇ ಮುಖ್ಯ ಕಾರಣವೆಂಬ ತನಿಖೆಯ ಮಾತನ್ನು ಇಲ್ಲಿ ಅಲ್ಲಗಳೆಯುತ್ತಿಲ್ಲ. ಆದರೆ ಆ ವೇಗ ಈ ಕಾರಿನ ಸಾಮರ್ಥ್ಯದ ಅರ್ಧಕ್ಕೂ ಕಡಿಮೆ ಎಂಬುದನ್ನು ಮರೆಯಬಾರದು.

ಪ್ರತಿಪಾದನೆಗೆ ಮಿತಿಗಳಿವೆ. ನಾರ್ಡ್‌ಶ್ಲೈಫೆಯ ಎರಡು ಸಮಯಗಳ ಹಿಂದೆ ಇಬ್ಬರು ಚಾಲಕರಿದ್ದಾರೆ, ಎರಡು ದಶಕಗಳ ಅಂತರವಿದೆ. ನಡುವೆ ಹಾದಿಯ ಡಾಂಬರಿಗೆ ಅಲ್ಲಲ್ಲಿ ದುರಸ್ತಿಯಾಗಿದೆ, ಅಳತೆಯ ಪದ್ಧತಿಯೂ ಬಿಗಿಯಾಗಿದೆ. 15 ಸೆಕೆಂಡನ್ನೂ ಟೈರಿನ ಖಾತೆಗೆ ಬರೆಯುವುದು ನ್ಯಾಯವಲ್ಲ. ಇನ್ನೂ ಮುಖ್ಯವಾಗಿ, ಒಳ್ಳೆಯ ಸಮಯ ಅಳೆಯುವುದು ಹಿಡಿತದ ಗರಿಷ್ಠ ಮಟ್ಟವನ್ನು. ಸಾಮಾನ್ಯ ಚಾಲಕ ತಪ್ಪಿದಾಗ ಕಾರು ಎಷ್ಟು ಕ್ಷಮಿಸುತ್ತದೆ ಎಂಬುದನ್ನಲ್ಲ. ಹೊಸ ಟೈರ್ ಮೊದಲಿನದನ್ನೂ ಎರಡನೆಯದನ್ನೂ ಹೆಚ್ಚಿಸಿರಬಹುದು, ಮೊದಲಿನದನ್ನು ಮಾತ್ರ ಹೆಚ್ಚಿಸಿರಲೂಬಹುದು. ಆ ಸುತ್ತಿನಿಂದ ಖಚಿತವಾಗಿ ಹೇಳಬಹುದಾದದ್ದು ಇಷ್ಟೇ: ಈ ಚಾಸಿ, ಈ ಸಸ್ಪೆನ್ಷನ್, ಚಾವಣಿಯಿಲ್ಲದ ಈ ತೊಟ್ಟಿ, 2004ರ ರಬ್ಬರ್ ಬೇಡುತ್ತಿದ್ದುದಕ್ಕಿಂತ ಹೆಚ್ಚಿನ ಭಾರವನ್ನು ಹೊರಬಲ್ಲವಾಗಿದ್ದವು.

ವಿನ್ಯಾಸ ಪೂರ್ತಿ ನಿರ್ದೋಷಿ ಎಂದೂ ಹೇಳುವಂತಿಲ್ಲ. 2023ರಲ್ಲಿ ಅಮೆರಿಕದ ಮಾಲೀಕರಿಗೆ ಕಾರು ಓಡಿಸುವುದನ್ನು ನಿಲ್ಲಿಸಿ ಎಂದು ಪೋರ್ಷೆಯೇ ತಿಳಿಸಬೇಕಾಯಿತು. ಸಸ್ಪೆನ್ಷನ್ ತೋಳುಗಳ ಗೋಳಾಕಾರದ ಕೀಲುಗಳಲ್ಲಿ ತುಕ್ಕಿನಿಂದ ಬಿರುಕು ಮೂಡುವ ಸಾಧ್ಯತೆ ಕಂಡುಬಂದಿತ್ತು. ಇದು ಗಂಭೀರ ಲೋಪ. ಆದರೂ ಅದು ಚಾವಣಿಗೋ ಕ್ಲಚ್ಚಿಗೋ ಸಂಬಂಧಿಸಿದ್ದಲ್ಲ. ವಯಸ್ಸಾದಂತೆ ಹೊರಬಿದ್ದ ಲೋಪ.

ಮೂರನೆಯ ಆರೋಪ ಉಳಿಯಿತು. ಕರೆರಾ ಜಿಟಿಯಲ್ಲಿ ಬ್ರೇಕ್ ಹಾಕಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಇತ್ತು, ಹಿಂಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ವ್ಯವಸ್ಥೆಯೂ ಇತ್ತು. ಅಡ್ಡಜಾರಿದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ನೇರ ಮಾಡುವ ಇಎಸ್‌ಪಿ ಇರಲಿಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾ ಸ್ಪೀಡ್‌ವೇಯಲ್ಲಿ ಇಬ್ಬರು ಸತ್ತ ಅಪಘಾತದ ದಾವೆಯಲ್ಲಿ ಈ ಕೊರತೆಯನ್ನು ಎತ್ತಲಾಗಿತ್ತು. ದಾವೆ ರಾಜಿಯಲ್ಲಿ ಮುಗಿದದ್ದರಿಂದ ನ್ಯಾಯಾಲಯದ ತೀರ್ಪು ಬರಲಿಲ್ಲ. ಅಮೆರಿಕ ಈ ವ್ಯವಸ್ಥೆಯನ್ನು ಎಲ್ಲ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದ್ದು 2012ರ ಮಾದರಿಗಳಿಂದ. ಕಾನೂನಿನ ದೃಷ್ಟಿಯಲ್ಲಿ ಪೋರ್ಷೆ ತಪ್ಪು ಮಾಡಿರಲಿಲ್ಲ. ಆದರೆ ಅದೇ ಕಾಲದ ಮರ್ಸಿಡಿಸ್ ಎಸ್‌ಎಲ್‌ಆರ್ ಮೆಕ್‌ಲಾರೆನ್‌ನಲ್ಲಿ ಇಎಸ್‌ಪಿ ಇತ್ತು, ಪೋರ್ಷೆಯ ಸ್ವಂತ 911ರಲ್ಲೂ ಇತ್ತು. ತಂತ್ರಜ್ಞಾನ ಕೈಯಲ್ಲಿದ್ದೂ ಬಿಟ್ಟದ್ದು ಕಂಪನಿಯ ಆಯ್ಕೆ. ಈ ಒಂದು ಆರೋಪ ನಿಲ್ಲುತ್ತದೆ. ಗಡುಸಾದ ಟೈರಿನ ಜೊತೆ ಸೇರಿದಾಗ ಅದರ ತೂಕ ಇನ್ನೂ ಹೆಚ್ಚುತ್ತದೆ.

ಗಡುಸು ರಬ್ಬರಿನ ಪಾಲೆಷ್ಟು, ಇಎಸ್‌ಪಿ ಇಲ್ಲದ್ದರ ಪಾಲೆಷ್ಟು ಎಂದು ಬೇರ್ಪಡಿಸಲು ಒಂದೇ ಕಾರು, ಒಬ್ಬನೇ ಚಾಲಕ, ಒಂದೇ ದಿನ, ಬೇರೆ ಬೇರೆ ವಯಸ್ಸಿನ ಟೈರುಗಳನ್ನಿಟ್ಟು ಪರೀಕ್ಷೆ ನಡೆಯಬೇಕು. ಅಲ್ಲಿಯವರೆಗೆ ಮೇಲಿನ ಪ್ರತಿಪಾದನೆಯನ್ನು ಬಲವಾದ ಊಹೆ ಎಂದಷ್ಟೇ ಕರೆಯಬಹುದು. ಅಷ್ಟರೊಳಗೆ ಮಾಡಬಹುದಾದ ಸುಲಭದ ಕೆಲಸ ಒಂದಿದೆ. ಇಂಥ ವಿರಳ ಕಾರುಗಳನ್ನು ಹರಾಜಿಗಿಡುವವರು ಓಡಿದ ಕಿಲೋಮೀಟರನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿಸುತ್ತಾರೆ. ಅದರ ಪಕ್ಕದಲ್ಲೇ ನಾಲ್ಕೂ ಟೈರುಗಳು ತಯಾರಾದ ವಾರ ಮತ್ತು ವರ್ಷವನ್ನೂ ಅಚ್ಚು ಹಾಕಿಸಲಿ.