ಗಾಜಿನ ಮೇಲಿನ ನೆರಳು

ಕ್ಯಾಮೆರಾದಲ್ಲಿ ರೀಲು ಮುಂದೆ ತಿರುಗಿಸದೆ ಇನ್ನೊಮ್ಮೆ ಒತ್ತಿದರೆ ಎರಡು ಚಿತ್ರಗಳು ಒಂದರೊಳಗೊಂದು ಕೂಡಿಬಿಡುತ್ತವೆ. ಇದೇ ಡಬಲ್ ಎಕ್ಸ್‌ಪೋಷರ್.

ರೀಲು ಬರುವ ಮುನ್ನ, ಗಾಜಿನ ಪ್ಲೇಟಿನ ಕಾಲದಲ್ಲಿ, ಅಮೆರಿಕದ ಬಾಸ್ಟನ್ ನಗರದ ವಿಲಿಯಂ ಮಮ್ಲರ್ ಪಟದಲ್ಲಿ ಮೂಡಿದ ಮಸುಕು ಆಕೃತಿಗಳನ್ನು ಸತ್ತವರ ಆತ್ಮವೆಂದು ಮಾರಿದ. 1861-65ರ ಅಂತರ್ಯುದ್ಧದಲ್ಲಿ ಮನೆಮನೆಯಲ್ಲೂ ಸಾವಾಗಿತ್ತು, ನೊಂದವರು ನಂಬಿದರು. 1869ರಲ್ಲಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಯಿತು. ಬೊಗಾರ್ಡಸ್ ಎಂಬ ಛಾಯಾಗ್ರಾಹಕರು, ಬದುಕಿದ್ದ ಬಾರ್ನಮ್ಮರ ಪಟದಲ್ಲಿ ತೀರಿಹೋದ ಲಿಂಕನ್ನರ ನೆರಳನ್ನು ಮೂಡಿಸಿ ತೋರಿಸಿದರು. ಆದರೂ ಪುರಾವೆ ಸಾಲದೆ ಮಮ್ಲರನಿಗೆ ಬಿಡುಗಡೆಯಾಯಿತು. ಮುಂದೆ ಲಿಂಕನ್ನರ ವಿಧವೆ ಮೇರಿಯೇ ಅವನಲ್ಲಿ ಪಟ ತೆಗೆಸಿಕೊಂಡರು. ಅದರಲ್ಲಿ ಗಂಡನ ಕೈಗಳು ಆಕೆಯ ಹೆಗಲ ಮೇಲಿದ್ದವು.

ಬಿದ್ದ ಬೆಳಕನ್ನೆಲ್ಲ ಪ್ಲೇಟು ಹಿಡಿಯುತ್ತದೆ. ಅದು ಯಾರದು, ಎಂದಿನದು ಎಂದು ಕೇಳಬೇಕಾದವರು ನಾವು, ಅಲ್ಲವೇ?